ಉಪ್ಪು ಬಿದ್ದ ಗಳಿಗೆ

“ಗುರುಗಳೇ, ಕೆಲಸದ ನಡುವೆ ಮನಸ್ಸನ್ನು ಎಚ್ಚರವಾಗಿ ಇಟ್ಟುಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಬೆಳಗಿನ ಗಂಜಿ ಮುಗಿದಿತ್ತು. ಆ ಆಶ್ರಮದಲ್ಲಿ ಎಲ್ಲರಿಗೂ ಅಡುಗೆಯ ಸರದಿ ಇತ್ತು. ಅಂದು ಗುರುಗಳ ಸರದಿ. ಅವರು ಜಗಲಿಯ ಮೇಲೆ ಕುಳಿತು, ಮಧ್ಯಾಹ್ನದ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಶಿಷ್ಯನ ಕಂಕುಳಲ್ಲಿ ಚಾಪೆ ಇತ್ತು, ಕೈಯಲ್ಲಿ ಬಟ್ಟೆಯ ಗಂಟು ಇತ್ತು. ಕೇಳಲು ಬಂದವನೋ ಹೊರಟು ನಿಂತವನೋ ಎಂದು ನೋಡಿದವರಿಗೆ ಅನುಮಾನ ಬರುವಂತಿದ್ದ.

“ಕಣ್ಣು ಮುಚ್ಚಿ ಕುಳಿತರೆ ಮನಸ್ಸು ನಿಲ್ಲುತ್ತದೆ. ಎದ್ದು ಪೊರಕೆ ಹಿಡಿದರೆ ಓಡಿಹೋಗುತ್ತದೆ. ಅಂಗಳ ಗುಡಿಸಿ ಆಗಿರುತ್ತದೆ, ಗುಡಿಸಿದವನು ನಾನೇ ಎಂಬುದು ಪೊರಕೆ ನೋಡಿದ ಮೇಲೆ ತಿಳಿಯುತ್ತದೆ. ಇಲ್ಲಿ ಕೆಲಸ ಹೆಚ್ಚು, ಗುರುಗಳೇ. ಬೆಟ್ಟದ ಮೇಲಿನ ಗುಹೆಯಲ್ಲಿ ಇದ್ದುಬಿಡುತ್ತೇನೆ. ನಾಲ್ಕು ದಿನದಿಂದ ಇದೊಂದೇ ಯೋಚನೆ. ಅಪ್ಪಣೆ ಕೊಡಿ.”

“ಗುಹೆ ಎಲ್ಲಿಗೂ ಹೋಗುವುದಿಲ್ಲ,” ಎಂದರು ಗುರುಗಳು. “ಗಂಟು ಕೆಳಗಿಡು. ಒಂದು ಕತೆ ಕೇಳಿ ಹೋಗು.”

ಶಿಷ್ಯ ಗಂಟು ಕೆಳಗಿಟ್ಟು ಕುಳಿತ. ಗುರುಗಳು ಕಲ್ಲು ಆರಿಸುತ್ತಲೇ ಹೇಳತೊಡಗಿದರು.

ನದಿಯ ದಡದ ಒಂದು ಊರಿನಲ್ಲಿ ಒಂದು ಗುಡಿ. ಆ ಗುಡಿಗೆ ಒಬ್ಬ ಅಡುಗೆಯವನು. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀನು ಊರು ಕೇಳುತ್ತೀ, ಊರು ಹೇಳಿದರೆ ದಾರಿ ಕೇಳುತ್ತೀ. ಹೇಗೂ ಗಂಟು ಕಟ್ಟಿಕೊಂಡೇ ಬಂದಿದ್ದೀ.

ದಿನವೂ ಮಧ್ಯಾಹ್ನ ದೇವರಿಗೆ ಅನ್ನ ಮತ್ತು ಹುಳಿಯ ನೈವೇದ್ಯ. ಆಮೇಲೆ ನೂರು ಜನರಿಗೆ ಊಟ. ಆ ಗುಡಿಯಲ್ಲಿ ಒಂದು ಕಟ್ಟಳೆ ಇತ್ತು. ದೇವರಿಗೆ ಒಪ್ಪಿಸುವ ಮೊದಲು ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಬೇಯಿಸಿದವನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಒಪ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಮತ್ತೆ ಏನನ್ನೂ ಬೆರೆಸುವಂತಿಲ್ಲ, ಅದರಲ್ಲಿ ಕೊರತೆ ಹೇಳುವಂತೆಯೂ ಇಲ್ಲ. ಹೀಗಾಗಿ ಉಪ್ಪು ಬೀಳುವ ಹೊತ್ತಿಗೆ ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ. ತಿದ್ದಿಕೊಳ್ಳಲು ಜಾಗವೇ ಇರಲಿಲ್ಲ.

ಅಡುಗೆಯವನು ಇಪ್ಪತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತಿದ್ದ. ಅವನಿಗಿಂತ ಮೊದಲು ಅವನ ತಂದೆ ನಿಂತಿದ್ದರು. ಒಳಗಿನ ಅಡುಗೆಮನೆಗೆ ಅವನನ್ನು ಬಿಟ್ಟು ಬೇರೆಯವರು ಕಾಲಿಡುವಂತಿರಲಿಲ್ಲ. ಅವನ ಹೆಂಡತಿ ಹೊಸ್ತಿಲಿನ ಹೊರಗೆ ಒರಳಿನ ಮುಂದೆ ಕುಳಿತು ಹುಳಿಗೆ ಖಾರ ರುಬ್ಬುತ್ತಿದ್ದಳು. ರುಬ್ಬಿದ್ದನ್ನು ಹೊಸ್ತಿಲ ಮೇಲೆ ಇಡುತ್ತಿದ್ದಳು, ಅವನು ಎತ್ತಿಕೊಳ್ಳುತ್ತಿದ್ದ. ಗುಡಿಯ ಹಿಂದೆಯೇ ಅವರ ಮನೆ. ಇಬ್ಬರೂ ಸುಖವಾಗಿದ್ದರು.

ಇಪ್ಪತ್ತು ವರ್ಷದಲ್ಲಿ ಅವನ ಕೈ ಎಲ್ಲವನ್ನೂ ಕಲಿತುಬಿಟ್ಟಿತ್ತು. ಬೇಳೆ ಎಷ್ಟು, ನೀರು ಎಷ್ಟು, ಎಲ್ಲವೂ ಕೈಗೆ ಗೊತ್ತು. ಕೈಗೆ ಗೊತ್ತಿದ್ದ ಮೇಲೆ ಮನಸ್ಸಿಗೆ ಅಲ್ಲಿ ಕೆಲಸವಿರಲಿಲ್ಲ. ಅದು ಊರು ಸುತ್ತಲು ಹೋಗುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಮದುವೆಯ ಮನೆಯಲ್ಲಿ ಅವನ ಭಾವಮೈದುನ ನಾಲ್ಕು ಜನರ ಎದುರು ಏನೋ ಒಂದು ಮಾತು ಅಂದಿದ್ದ. ಆಗ ಅಡುಗೆಯವನಿಗೆ ಉತ್ತರ ಹೊಳೆದಿರಲಿಲ್ಲ. ಈಗ ಒಲೆಯ ಮುಂದೆ ನಿಂತರೆ ದಿನಕ್ಕೊಂದು ಒಳ್ಳೆಯ ಉತ್ತರ ಹೊಳೆಯುತ್ತಿತ್ತು.

ಒಂದು ದಿನ ಬಹಳ ಒಳ್ಳೆಯ ಉತ್ತರ ಹೊಳೆಯಿತು. ಮನಸ್ಸಿನೊಳಗೆ ಭಾವಮೈದುನ ತಲೆ ತಗ್ಗಿಸಿ ನಿಂತ. ಮದುವೆಯ ಮನೆಯವರೆಲ್ಲ ಅಡುಗೆಯವನ ಕಡೆ ನೋಡಿ ತಲೆದೂಗಿದರು. ಆಗ ಅವನಿಗೆ ತನ್ನ ಕೈಯಲ್ಲಿದ್ದ ಸೌಟು ಕಾಣಿಸಿತು. ಹುಳಿ ಕುದಿಯುತ್ತಿತ್ತು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸಿದ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾಕಿರಬೇಕು ಎಂದುಕೊಂಡ. ಹಾಕಿರಲಿಲ್ಲ.

ಪಂಕ್ತಿಯ ಮೊದಲ ಎಲೆಯ ಮುಂದೆ ಒಬ್ಬ ಮುದುಕ ಕೂರುತ್ತಿದ್ದ. ನಲವತ್ತು ವರ್ಷದಿಂದ ಅವನದು ಅದೇ ಜಾಗ. ಪ್ರಸಾದದಲ್ಲಿ ಕೊರತೆ ಹೇಳುವಂತಿಲ್ಲವಲ್ಲ, ಮುದುಕ ಕೊರತೆ ಹೇಳಲಿಲ್ಲ. ಒಂದು ತುತ್ತು ನುಂಗಿ, “ಇವತ್ತು ದೇವ್ರು ಉಪ್ಪು ಬಿಟ್ಟು ವ್ರತ ಹಿಡ್ದಿದಾನೆ” ಅಂದ. ಪಂಕ್ತಿಗೆ ಪಂಕ್ತಿಯೇ ಮುಸಿಮುಸಿ ನಕ್ಕಿತು.

ಮರುದಿನ ಅಡುಗೆಯವನು ಹೆದರಿ ಎರಡು ಸಲ ಉಪ್ಪು ಹಾಕಿದ. “ಇವತ್ತು ದೇವ್ರು ಸಮುದ್ರಸ್ನಾನ ಮಾಡ್ಕೊಂಡು ಬಂದಿದಾನೆ” ಅಂದ ಮುದುಕ.

ಹೀಗೆ ಬಿಟ್ಟರೆ ಆಗದು ಎಂದು ಅಡುಗೆಯವನು ಉಪಾಯ ಹುಡುಕಿದ. ಗೋಡೆಯ ಗೂಡಿನಲ್ಲಿ ಒಂದು ಹುಣಸೆ ಬೀಜ ಇಟ್ಟ. ಉಪ್ಪು ಹಾಕುವ ಮೊದಲು ಬೀಜ ಬಲಗಡೆ, ಹಾಕಿದ ಮೇಲೆ ಎಡಗಡೆ. ಸಂಜೆ ಅದನ್ನು ಮತ್ತೆ ಬಲಕ್ಕೆ ಸರಿಸಬೇಕು. ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೆಯ ದಿನ ನೋಡಿದರೆ ಬೀಜ ಎಡಗಡೆ ಇತ್ತು. ಇವತ್ತು ಸರಿಸಿದ್ದೋ, ನಿನ್ನೆ ಸಂಜೆ ಸರಿಸದೆ ಬಿಟ್ಟದ್ದೋ? ಅಡುಗೆಯವನು ಬೀಜವನ್ನೇ ನೋಡುತ್ತ ನಿಂತ. ಬೀಜಕ್ಕೆ ಗೊತ್ತಿತ್ತೋ ಏನೋ, ಹೇಳಲಿಲ್ಲ.

ಆಮೇಲೆ ಅವನು ಉಪ್ಪನ್ನು ಅಳೆದು ಒಂದು ದೊನ್ನೆಯಲ್ಲಿ ಇಟ್ಟುಕೊಳ್ಳತೊಡಗಿದ. ದೊನ್ನೆ ಖಾಲಿಯಾಗಿದ್ದರೆ ಉಪ್ಪು ಬಿದ್ದಿದೆ ಎಂದು ಲೆಕ್ಕ. ಒಂದು ದಿನ ಭಾವಮೈದುನನ ಜೊತೆ ಮಾತು ಮುಗಿಸಿ ಈ ಕಡೆ ತಿರುಗಿದ. ದೊನ್ನೆ ಖಾಲಿ ಇತ್ತು. ‘ಅಯ್ಯೋ, ಇವತ್ತು ಉಪ್ಪು ಅಳೆದು ಇಡುವುದನ್ನೇ ಮರೆತೆನಲ್ಲ’ ಎಂದು ಅವಸರದಲ್ಲಿ ದೊನ್ನೆ ತುಂಬಿಸಿ ಹುಳಿಗೆ ಸುರಿದ. ದೇವರಿಗೆ ಅವತ್ತು ಮತ್ತೆ ಸಮುದ್ರಸ್ನಾನವಾಯಿತು.

ಇಲ್ಲಿ ಶಿಷ್ಯ ನಕ್ಕ. ಗುರುಗಳೂ ನಕ್ಕರು. ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದು ಮುಂದುವರಿಸಿದರು.

ಕೊನೆಗೆ ಅವನು ಒಂದು ದೊಡ್ಡ ನಿರ್ಧಾರ ಮಾಡಿದ. ಮನಸ್ಸನ್ನು ಹೊರಗೆ ಬಿಟ್ಟರಲ್ಲವೇ ಈ ಫಜೀತಿ, ಕಟ್ಟಿಹಾಕುತ್ತೇನೆ ಎಂದುಕೊಂಡ. ಬೆಳಗ್ಗೆ ಒಲೆ ಹೊತ್ತಿಸಿದ ಗಳಿಗೆಯಿಂದ ‘ಉಪ್ಪು ಹಾಕಬೇಕು, ಉಪ್ಪು ಹಾಕಬೇಕು’ ಎಂದು ಜಪ ಶುರುಮಾಡಿದ. ಅಂದು ಹುಣ್ಣಿಮೆ. ಹುಳಿಯ ಜೊತೆ ಪಾಯಸವೂ ಇತ್ತು. ಜಪ ಚೆನ್ನಾಗಿ ಸಾಗಿತು. ಹುಳಿಗೆ ಉಪ್ಪು ಬಿತ್ತು. ಜಪ ನಿಲ್ಲಲಿಲ್ಲ. ಕೈ ವಿಧೇಯವಾದದ್ದು, ಹೇಳಿದಷ್ಟನ್ನು ಮಾಡಿತು. ಪಾಯಸಕ್ಕೂ ಉಪ್ಪು ಬಿತ್ತು.

ಅವತ್ತು ಮುದುಕ ಏನೂ ಹೇಳಲಿಲ್ಲ. ಪಾಯಸದ ದೊನ್ನೆಯನ್ನು ಕಣ್ಣಿಗೆ ಒತ್ತಿಕೊಂಡು ಕುಡಿದು, ಎಲೆ ಮಡಚಿ ಎದ್ದು ಹೋದ. ಬಾಗಿಲ ಮರೆಯಿಂದ ನೋಡುತ್ತಿದ್ದ ಅಡುಗೆಯವನಿಗೆ ಆ ಮೌನ ಮುದುಕನ ಎಲ್ಲ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಪಾತ್ರೆ ತೊಳೆಯುವ ಹೊತ್ತಿಗೆ ಗುಡಿಯ ಆಡಳಿತ ನೋಡುವ ಪಾರುಪತ್ಯಗಾರ ಬಂದ. ಒಳ್ಳೆಯ ಮನುಷ್ಯ, ಆದರೆ ಆ ಗುಡಿಗೆ ನಡೆದುಕೊಳ್ಳುವ ಏಳು ಊರಿನ ಜನ ಅವನನ್ನೂ ಪ್ರಶ್ನೆ ಕೇಳುತ್ತಿದ್ದರು.

“ಇನ್ನು ಹತ್ತು ದಿನಕ್ಕೆ ಗುಡಿಗೆ ಹೊಸ ಗಂಟೆ ಕಟ್ತೀವಿ. ಏಳು ಊರಿಗೂ ಊಟ. ಅವತ್ತೂ ಹೀಗೇ ಆದ್ರೆ ನಾನೇನೂ ಬೈಯೋದಿಲ್ಲಪ್ಪ. ಸೌಟು ಕೆಳಗಿಟ್ಟು ಮನೆ ಖಾಲಿ ಮಾಡು,” ಎಂದ.

ಅಡುಗೆಯವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ. ಆ ಒಲೆ ಎಂದರೆ ಅವನಿಗೆ ಪ್ರೀತಿ. ಹೊರಗೆ ಬಂದು ಹೆಂಡತಿಯ ಒರಳಿನ ಪಕ್ಕ ಕುಳಿತ. ಎಲ್ಲವನ್ನೂ ಹೇಳಿಕೊಂಡ. ಬೀಜದ ಕತೆ, ದೊನ್ನೆಯ ಕತೆ, ಜಪದ ಕತೆ, ಒಂದನ್ನೂ ಬಿಡಲಿಲ್ಲ. ಭಾವಮೈದುನನ ಕತೆ ಮಾತ್ರ ಹೇಳಲಿಲ್ಲ. ಅವನು ಅವಳ ತಮ್ಮನಲ್ಲವೇ.

ಹೆಂಡತಿ ಕೈಯಲ್ಲಿದ್ದ ಖಾರ ತೊಳೆದುಕೊಂಡಳು.

“ನಂಗೆ ಉಪಾಯ ಗಿಪಾಯ ಗೊತ್ತಿಲ್ಲ. ಆದ್ರೆ ಒಂದು ಆಸೆ ಇದೆ. ಇಪ್ಪತ್ತು ವರ್ಷದಿಂದ ಈ ಹುಳಿಗೆ ಖಾರ ರುಬ್ತಿದೀನಿ. ಅದು ಕುದಿಯೋದನ್ನ ಒಂದು ದಿನಾನೂ ನೋಡಿಲ್ಲ. ಉಪ್ಪು ಬಿದ್ದಾಗ ಒಳಗೆ ಏನಾಗುತ್ತೆ? ಹೇಳಿ.”

“ಏನಾಗುತ್ತೆ? ಕರಗುತ್ತೆ.”

“ಅದು ನಂಗೂ ಗೊತ್ತು. ನೀವು ನೋಡಿದ್ದು ಹೇಳಿ.”

ಅಡುಗೆಯವನು ನೆನಪಿಸಿಕೊಳ್ಳಲು ನೋಡಿದ. ಇಪ್ಪತ್ತು ವರ್ಷ ತನ್ನ ಕೈಯಾರೆ ಉಪ್ಪು ಹಾಕಿದ್ದಾನೆ, ಅದು ಬಿದ್ದದ್ದನ್ನು ಒಂದು ಸಲವೂ ನೋಡಿಲ್ಲ. ಹೊಸ್ತಿಲಿನ ಹೊರಗೆ ಕುಳಿತವಳಿಗೂ ಒಲೆಯ ಮುಂದೆ ನಿಂತವನಿಗೂ ಏನೂ ವ್ಯತ್ಯಾಸವಿರಲಿಲ್ಲ. ಅವನಿಗೆ ನಾಚಿಕೆಯಾಯಿತು. “ನಾಳೆ ನೋಡಿ ಹೇಳ್ತೀನಿ” ಅಂದ.

ಮರುದಿನ ಕಲ್ಲುಪ್ಪನ್ನು ಹಿಡಿಯಲ್ಲಿ ಹಿಡಿದು ಹುಳಿಯ ಮುಂದೆ ಬಗ್ಗಿ ನಿಂತ. ಹೆಂಡತಿಗೆ ಹೇಳಬೇಕಲ್ಲ, ಕಣ್ಣು ಮಿಟುಕಿಸಲಿಲ್ಲ. ಉಪ್ಪು ಬಿತ್ತು. ನೋಡಿದ. ಸೌಟು ಅಲ್ಲೇ ಇಟ್ಟು ಹೊಸ್ತಿಲಿಗೆ ಓಡಿಬಂದ.

“ಕೇಳು. ಉಪ್ಪು ಬಿದ್ದ ಕಡೆ ಹುಳಿ ಒಂದ್ಸಲ ಬುಸ್ ಅಂತ ನೊರೆ ಎತ್ತುತ್ತೆ. ಆಮೇಲೆ ಕುದೀನೇ ನಿಂತುಹೋಗುತ್ತೆ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅಂಚಿನಿಂದ ಮತ್ತೆ ಶುರುವಾಗುತ್ತೆ. ನಡುವಿನಿಂದ ಅಲ್ಲ, ಅಂಚಿನಿಂದ!”

ಹೆಂಡತಿ ರುಬ್ಬುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅವಳ ಮುಖ ಅರಳಿತು. “ಅಂಚಿನಿಂದಾನಾ?” ಅಂದಳು. ಅಡುಗೆಯವನಿಗೆ ಹಿಗ್ಗಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಅಡುಗೆಮನೆಯಿಂದ ಅವಳಿಗೆ ಏನನ್ನೋ ತಂದುಕೊಟ್ಟಿದ್ದ. ಊಟದ ಹೊತ್ತಿಗೆ ಅವನಿಗೆ ಇನ್ನೊಂದು ಹೊಳೆಯಿತು. ಅವತ್ತು ಉಪ್ಪು ಹಾಕಿದೆನೋ ಇಲ್ಲವೋ ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

ಹೆಂಡತಿಯ ಆಸೆ ದಿನಕ್ಕೊಂದಾಯಿತು. ಬೇಳೆಯ ಮೇಲೆ ಅರಿಶಿನ ಬಿದ್ದರೆ ಹೇಗಿರುತ್ತದೆ? ಅನ್ನ ಬೆಂದದ್ದು ಮೊದಲು ಕಿವಿಗೆ ತಿಳಿಯುತ್ತದೋ ಕಣ್ಣಿಗೋ? ಅವನು ಹೋಗಿ ನೋಡುತ್ತಿದ್ದ, ಬಂದು ಹೇಳುತ್ತಿದ್ದ. “ಒಗ್ಗರಣೇಲಿ ಯಾವಾಗ್ಲೂ ಒಂದು ಸಾಸಿವೆ ಹಿಂದೆ ಉಳಿದಿರುತ್ತೆ. ಎಲ್ಲಾ ಸಿಡಿದು ಮುಗೀತು ಅಂತ ನಾನು ಬಗ್ಗಿದಾಗ ನನ್ನ ಮುಖಕ್ಕೇ ಸಿಡಿಯುತ್ತೆ” ಎಂದು ಒಂದು ದಿನ ಹೇಳಿದ. ಅವಳು ಒರಳು ಹಿಡಿದುಕೊಂಡು ನಕ್ಕಳು.

ದಿನವೂ ಹೀಗೇ ನಡೆಯಿತು ಎಂದು ತಿಳಿಯಬೇಡ. ಐದನೆಯ ದಿನ ಅವನು ಹೊಸ್ತಿಲಿಗೆ ಬರಿಗೈಯಲ್ಲಿ ಬಂದ. ಮುಖ ಸಣ್ಣದಾಗಿತ್ತು.

“ಇವತ್ತು ಏನೂ ನೋಡ್ಲಿಲ್ಲ. ನಿನ್ನ ತಮ್ಮ ಬಂದಿದ್ದ,” ಎಂದ.

“ನನ್ನ ತಮ್ಮನಾ? ಎಲ್ಲಿ?”

ಅಡುಗೆಯವನು ತಲೆ ತಟ್ಟಿ ತೋರಿಸಿದ. ಮದುವೆಯ ಮನೆಯ ಮಾತು, ಮೂರು ವರ್ಷದ ಉತ್ತರಗಳು, ಎಲ್ಲ ಹೊರಗೆ ಬಂತು. ಹೆಂಡತಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದ. ಅವಳಿಗೆ ನಗು ಬಂತು.

“ಅವನು ಕರೆಯದೇ ಬರೋನೇ. ಬಂದ್ರೆ ಓಡಿಸೋಕೆ ಹೋಗ್ಬೇಡಿ, ಜಗಳ ಜಾಸ್ತಿಯಾಗುತ್ತೆ. ಒಂದು ಮಣೆ ಹಾಕಿ ಕೂರಿಸಿ. ನೀವು ಒಲೆ ನೋಡಿ.”

ಅಂದಿನಿಂದ ಭಾವಮೈದುನ ಬಂದರೆ ಅಡುಗೆಯವನು, “ಬಾಪ್ಪ, ಕೂತ್ಕೋ” ಎಂದು ಮನಸ್ಸಿನಲ್ಲೇ ಒಂದು ಮಣೆ ಹಾಕಿ ಒಲೆಯ ಕಡೆ ತಿರುಗುತ್ತಿದ್ದ. ಭಾವಮೈದುನ ಸ್ವಲ್ಪ ಹೊತ್ತು ಕೂರುತ್ತಿದ್ದ. ಯಾರೂ ಮಾತನಾಡಿಸದಿದ್ದರೆ ಎಷ್ಟು ಹೊತ್ತು ಕೂತಾನು? ಎದ್ದು ಹೋಗುತ್ತಿದ್ದ.

ಗಂಟೆ ಕಟ್ಟುವ ದಿನ ಬಂತು. ಏಳು ಊರಿನ ಜನ ನದಿಯ ದಡದಲ್ಲಿ ನೆರೆದರು. ದೊಡ್ಡ ಕೊಪ್ಪರಿಗೆಯಲ್ಲಿ ಹುಳಿ ಕುದಿಯುತ್ತಿತ್ತು. ನೈವೇದ್ಯಕ್ಕೆ ಇನ್ನು ಸ್ವಲ್ಪವೇ ಹೊತ್ತು. ಪಾರುಪತ್ಯಗಾರನಿಗೆ ಬೆಳಗಿನಿಂದ ಒಂದೇ ಚಿಂತೆ. ಕೊನೆಗೆ ತಡೆಯಲಾರದೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

“ಉಪ್ಪು ಹಾಕಿದೀಯಾ?” ಎಂದು ಕೇಳಿದ.

ಹೊರಗೆ ಒರಳಿನ ಸದ್ದು ನಿಂತಿತು. ಹತ್ತು ದಿನದ ಹಿಂದೆ ಇದೇ ಪ್ರಶ್ನೆ ಕೇಳಿದ್ದರೆ ಅಡುಗೆಯವನು ಗೂಡಿನ ಕಡೆ ನೋಡುತ್ತಿದ್ದ, ದೊನ್ನೆಯ ಕಡೆ ನೋಡುತ್ತಿದ್ದ. ಈಗ ಅವನು ಪಾರುಪತ್ಯಗಾರನ ಮುಖವನ್ನೇ ನೋಡಿದ.

“ಒಂಬತ್ತು ಬೊಗಸೆ. ಮೂರನೇ ಬೊಗಸೇಲಿ ಒಂದು ಕಪ್ಪು ಹರಳಿತ್ತು, ತೆಗೆದು ಎಸೆದೆ. ಐದನೇದು ಬಿದ್ದಾಗ ನೊರೆ ಈ ಅಂಚಿನ ತನಕ ಎದ್ದಿತ್ತು. ಒಂಬತ್ತನೇದು ಬಿದ್ದಾಗ ಕುದಿ ನಿಂತಿತು. ಆಗ ಹೊರಗೆ ಒಂದು ಮಗು ಅಳ್ತಿತ್ತು, ಅದೂ ನಿಲ್ಲಿಸ್ತು. ಕುದಿ ಮತ್ತೆ ಬಂದಿದ್ದು ಬಾಗಿಲ ಕಡೆ ಅಂಚಿನಿಂದ.”

“ನಾನು ಕೇಳಿದ್ದು, ಹಾಕಿದೀಯಾ ಇಲ್ವಾ ಅಂತ.”

“ಅದನ್ನೇ ಹೇಳ್ದೆ, ಸ್ವಾಮಿ.”

ಇಷ್ಟು ದೊಡ್ಡ ಸಾಕ್ಷಿ ಪಾರುಪತ್ಯಗಾರ ಯಾವ ಪಂಚಾಯಿತಿಯಲ್ಲೂ ಕೇಳಿರಲಿಲ್ಲ. ತಲೆ ಆಡಿಸಿ ಹೋದ.

ನೈವೇದ್ಯವಾಯಿತು. ಹೊಸ ಗಂಟೆ ಮೊಳಗಿತು. ಎಲೆ ಹಾಕಿದರು, ಬಡಿಸಿದರು. ಮುದುಕ ಮೊದಲ ಎಲೆಯ ಮುಂದೆ ಕುಳಿತಿದ್ದ. ಪಾಯಸದ ವಿಷಯ ಏಳು ಊರಿಗೂ ತಿಳಿದಿತ್ತು, ಹಾಗಾಗಿ ಎಲ್ಲರೂ ಅನ್ನ ಕಲಸಿಕೊಂಡು ಮುದುಕನ ಬಾಯಿಯನ್ನೇ ನೋಡುತ್ತಿದ್ದರು. ಹೊರಬಾಗಿಲ ಮರೆಯಲ್ಲಿ ಅಡುಗೆಯವನು ನಿಂತಿದ್ದ. ಅವನ ಹಿಂದೆ ಹೆಂಡತಿ ನಿಂತಿದ್ದಳು.

ಮುದುಕ ಒಂದು ತುತ್ತು ತಿಂದ. ಇನ್ನೊಂದು ತಿಂದ. ಎಲೆ ಪೂರ್ತಿ ಖಾಲಿ ಮಾಡಿದ. ಎರಡನೆಯ ಸಲ ಹುಳಿ ಹಾಕಿಸಿಕೊಂಡ. ಅದನ್ನೂ ಮುಗಿಸಿ, ಕೈ ನೆಕ್ಕಿಕೊಂಡು, ಗರ್ಭಗುಡಿಯ ಕಡೆ ತಿರುಗಿ ನೋಡಿದ.

“ಇವತ್ತು ದೇವ್ರು ಮನೇಲೇ ಇದಾನೆ” ಅಂದ.

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೈ ಹಾಕಿದರು. ಅಡುಗೆಯವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ಆ ಮಗು ನಿಜವಾಗ್ಲೂ ಅಳು ನಿಲ್ಲಿಸ್ತಾ?” ಎಂದು ಕೇಳಿದಳು.

ಸಂಜೆ ಪಾರುಪತ್ಯಗಾರ ಮತ್ತೆ ಬಂದ. ಈ ಸಲ ಅವನ ದನಿ ತಗ್ಗಿತ್ತು. ಯಾವ ಉಪಾಯ ಮಾಡಿದೆ ಎಂದು ಕೇಳಿದ. ಬೇರೆ ಗುಡಿಗಳವರಿಗೂ ಹೇಳಬಹುದಲ್ಲ ಎಂದ. ಅಡುಗೆಯವನು, “ಉಪಾಯ ಏನಿಲ್ಲ ಸ್ವಾಮಿ. ನಮ್ಮನೆಯವಳಿಗೆ ಹೇಳ್ಬೇಕು, ಅದಕ್ಕೆ ನೋಡ್ತೀನಿ” ಅಂದ. ಗೂಡಿನಲ್ಲಿ ಹುಣಸೆ ಬೀಜ ಇನ್ನೂ ಇತ್ತು. ಅದನ್ನು ತೆಗೆದು ಹಿತ್ತಿಲಿಗೆ ಎಸೆದ. ಅದು ಮೊಳೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಗುರುಗಳು ಕತೆ ಮುಗಿಸಿದರು. ಮೊರದಲ್ಲಿ ಅಕ್ಕಿ ಸ್ವಚ್ಛವಾಗಿತ್ತು. ಅದನ್ನು ಪಾತ್ರೆಗೆ ಸುರಿದುಕೊಂಡರು.

ಶಿಷ್ಯ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಅವನ ಮನಸ್ಸು ಹಗುರವಾಗಿತ್ತು. “ತಿಳಿಯಿತು ಗುರುಗಳೇ,” ಎಂದ. “ಮಾಡುವುದನ್ನು ನೋಡುತ್ತ ಮಾಡಬೇಕು. ನೋಡಿದ್ದನ್ನು ಇನ್ನೊಬ್ಬರಿಗೆ ಹೇಳುವಷ್ಟು ಚೆನ್ನಾಗಿ ನೋಡಬೇಕು. ಇಷ್ಟು ಸುಲಭವೆಂದು ನಾನು ಎಣಿಸಿರಲಿಲ್ಲ. ಗುಹೆಗೆ ಹೋಗಿ ಇವತ್ತಿನಿಂದಲೇ ಇದನ್ನು ಸಾಧಿಸುತ್ತೇನೆ. ಅಪ್ಪಣೆ ಕೊಡಿ.” ಚಾಪೆಯನ್ನು ಕಂಕುಳಿಗೆ ಸೇರಿಸಿದ. ಗಂಟು ಎತ್ತಿಕೊಂಡು ಗುರುಗಳಿಗೆ ನಮಸ್ಕರಿಸಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ನಗುತ್ತ ಹೇಳಿದರು:

“ಹೋಗಿ ಬಾ ಮಗು, ಬೆಳಗ್ಗೆ ನಾನು ಬಡಿಸಿದ ಗಂಜಿಗೆ ಉಪ್ಪಿತ್ತೋ ಇಲ್ಲವೋ, ಅಷ್ಟು ಹೇಳಿ ಹೋಗು.”